ಸೆಕೆಂಡಪ್ಪನ ಹೊಗೆಡಬ್ಬ

ಭಾವ ಆ ಒಂದು ಮಾತು ಆಡದೇ ಇದ್ದಿದ್ದರೆ ಆ ಭಾನುವಾರ ಅಗ್ನಿಶಾಮಕದ ಗಾಡಿ ಗಂಟೆ ಬಾರಿಸುತ್ತ ಆ ಬೀದಿಗೆ ಬರುತ್ತಲೇ ಇರಲಿಲ್ಲ.

ಭಾವ ಅಂದರೆ ಸೆಕೆಂಡಪ್ಪನ ಹೆಂಡತಿಯ ಅಣ್ಣ. ಸೆಕೆಂಡಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕೈಗಡಿಯಾರ ರಿಪೇರಿ ಅವನ ಕಸುಬು. ಯಾವ ಗಿರಾಕಿ ಬಂದು "ಆಯ್ತಾ?" ಎಂದು ಕೇಳಿದರೂ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ "ಒಂದು ಸೆಕೆಂಡು" ಅನ್ನುತ್ತಿದ್ದ. ಆ ಒಂದು ಸೆಕೆಂಡು ಕೆಲವು ಸಲ ಮೂರು ವಾರ ಹಿಡಿಯುತ್ತಿತ್ತು. ಹೀಗಾಗಿ ಅಂಗಡಿಯಲ್ಲಿ ಹುಟ್ಟಿದ ಹೆಸರು ಅವನ ಹಿಂದೆಯೇ ನಡೆದುಕೊಂಡು ಬಂದು ಮನೆಯನ್ನೂ ಸೇರಿಕೊಂಡಿತ್ತು.

ಒಂದು ತಿಂಗಳ ಹಿಂದೆ ಊಟಕ್ಕೆ ಬಂದಿದ್ದ ಭಾವ, ತಮ್ಮ ತೋಟದಲ್ಲಿರುವ ಎಣ್ಣೆ ಪೀಪಾಯಿಯ ಬಗ್ಗೆ ಮಾತು ತೆಗೆದರು. ಅದರ ತಳದಲ್ಲಿ ಇದ್ದಿಲು ಹಾಕಿ, ಮೇಲೆ ಮೀನು ನೇತುಹಾಕಿ, ಹೊಗೆಯಲ್ಲಿ ಹದ ಮಾಡುವ ವಿದ್ಯೆಯನ್ನು ಅನ್ನಕ್ಕೆ ಕೈಹಾಕಿದಾಗಿನಿಂದ ಕೈತೊಳೆಯುವವರೆಗೂ ವರ್ಣಿಸಿದರು. ಸೆಕೆಂಡಪ್ಪ ಸುಮ್ಮನೆ ಇರಲಾರದೆ, "ನಾನೂ ಒಂದು ಮಾಡಿ ನೋಡ್ಬೇಕು ಭಾವ" ಅಂದ.

ಭಾವ ನಕ್ಕರು. "ಅದಕ್ಕೆಲ್ಲ ಜಾಗ ಬೇಕಪ್ಪ. ನಿಮ್ಮ ಈ ಬಾಲ್ಕನಿಯಲ್ಲಿ ಒಂದು ಮೇಣದ ಬತ್ತಿ ಹಚ್ಚಬಹುದು, ಅಷ್ಟೇ."

ಈ ಮಾತು ಸೆಕೆಂಡಪ್ಪನ ಹಲ್ಲಿನ ಸಂದಿನಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮುಂದಿನ ನಾಲ್ಕು ವಾರ ಅವನ ಅಂಗಡಿಯಲ್ಲಿ ಒಂದು ಗಡಿಯಾರವೂ ಸರಿಹೋಗಲಿಲ್ಲ. ಆದರೆ ಒಂದು ಹೊಗೆಡಬ್ಬ ತಯಾರಾಯಿತು.

ಅದನ್ನು ನೋಡಿದರೆ ಯಾರಿಗಾದರೂ ಎತ್ತಿ ಮುದ್ದಾಡಬೇಕು ಅನಿಸುವಂತಿತ್ತು. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ. ಅದರ ಬಣ್ಣವನ್ನೆಲ್ಲ ಮರಳುಕಾಗದದಿಂದ ಉಜ್ಜಿ ತೆಗೆದಿದ್ದ. ತಳದಲ್ಲಿ ಗಾಳಿಗೆ ಹನ್ನೆರಡು ತೂತು, ಗಡಿಯಾರದ ಅಂಕಿಗಳ ಹಾಗೆ ವೃತ್ತವಾಗಿ. ಅದರ ಮೇಲೆ ಇದ್ದಿಲಿಗೆ ಒಂದು ತಟ್ಟೆ, ತಟ್ಟೆಯ ಮೇಲೆ ನೀರಿಗೆ ಒಂದು ಬಟ್ಟಲು, ಬಟ್ಟಲಿನ ಮೇಲೆ ಕೆಟ್ಟ ಟೇಬಲ್ ಫ್ಯಾನಿನಿಂದ ಕತ್ತರಿಸಿ ತೆಗೆದ ಕಂಬಿಯ ಜಾಲರಿ. ಮುಚ್ಚಳಕ್ಕೆ ಹಳೆಯ ಟಾರ್ಚಿನ ಕೊಳವೆಯೇ ಚಿಮಣಿ. ಚಿಮಣಿಯ ಬಾಯಿಗೆ ಕೈಗಡಿಯಾರದ ಹಿಂಬದಿಯ ಮುಚ್ಚಳ. ಅದನ್ನು ತಿರುಗಿಸಿದರೆ ಹೊಗೆ ಹೆಚ್ಚು, ಕಡಿಮೆ. ಒಳಗಿನ ಶಾಖ ತೋರಿಸುವುದಕ್ಕೆ ಒಂದು ಮುಳ್ಳು ಬೇರೆ ಇತ್ತು. ಒಯ್ಯಲು ಬಕೆಟ್ಟಿನ ಹಿಡಿ. ಒಂದೇ ಒಂದು ತೊಂದರೆಯೆಂದರೆ ಅದರಲ್ಲಿ ಒಂದೇ ಒಂದು ಮೀನು ಹಿಡಿಯುತ್ತಿತ್ತು, ಅದೂ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿದರೆ.

"ಊಟಕ್ಕೆ ಮೂರು ಜನ ಇದ್ದೀವಿ, ಮೀನು ಒಂದಾ?" ಅಂದಳು ಹೆಂಡತಿ.

"ತಿನ್ನೋದಕ್ಕಲ್ಲ ಕಣೇ, ತೋರಿಸೋದಕ್ಕೆ" ಅಂದ ಸೆಕೆಂಡಪ್ಪ.

ಭಾವ ಒಂದು ಗಂಟೆಗೆ ಬರುವವರಿದ್ದರು. ಹತ್ತೂವರೆಗೆ ಸೆಕೆಂಡಪ್ಪ ಮೂರನೇ ಮಹಡಿಯ ತನ್ನ ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಆರು ತುಂಡು ಇದ್ದಿಲಿಗೆ ಬೆಂಕಿ ಹಚ್ಚಿದ. ಅದು ಹತ್ತಲಿಲ್ಲ. ಊದಿದ, ಹತ್ತಲಿಲ್ಲ. ಕೊನೆಗೆ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಗಾಳಿ ಹೊಡೆದ. ಇದ್ದಿಲಂತೂ ಕೆಂಪಗಾಯಿತು, ಜೊತೆಗೆ ಅವನ ಎಡಹುಬ್ಬು ಅರ್ಧ ಹೋಯಿತು. ಬಡಗಿಯ ಹತ್ತಿರ ಕೇಳಿ ತಂದಿದ್ದ ಹಣ್ಣಿನ ಮರದ ಚಕ್ಕೆಗಳನ್ನು ಒದ್ದೆ ಮಾಡಿ ಕೆಂಡದ ಮೇಲೆ ಉದುರಿಸಿ, ಉಪ್ಪುನೀರಿನಲ್ಲಿ ನೆನೆಸಿಟ್ಟಿದ್ದ ಮೀನನ್ನು ಜಾಲರಿಯ ಮೇಲೆ ಮಲಗಿಸಿ ಮುಚ್ಚಳ ಹಾಕಿದ. ಟಾರ್ಚಿನ ಕೊಳವೆಯಿಂದ ಬೆಳ್ಳಗೆ, ದಾರದ ಹಾಗೆ ಹೊಗೆ ಎದ್ದಿತು. ಸೆಕೆಂಡಪ್ಪನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ.

ಆ ದಾರ ನೆಟ್ಟಗೆ ನಾಲ್ಕನೇ ಮಹಡಿಗೆ ಏರಿತು. ಅಲ್ಲಿ ನರ್ಸಮ್ಮ ಇದ್ದರು. ಆಸ್ಪತ್ರೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಆಕೆಯ ಮಟ್ಟಿಗೆ ಆ ಕಟ್ಟಡವೇ ಒಂದು ವಾರ್ಡು, ಅದರಲ್ಲಿರುವವರೆಲ್ಲ ಹೇಳಿದ ಮಾತು ಕೇಳದ ರೋಗಿಗಳು. ಎರಡೇ ನಿಮಿಷಕ್ಕೆ ಆಕೆ ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿಕೊಂಡು ಕೆಳಗಿಳಿದು ಬಂದರು.

"ಯಾರಿಗೆ ಉಸಿರು ಕಟ್ಟಿದೆ?"

"ಯಾರಿಗೂ ಇಲ್ಲಮ್ಮ. ಮೀನು."

"ಮೀನಿಗಾ?"

"ಅದು ನಿನ್ನೆಯೇ ಸತ್ತಿದೆ."

ನರ್ಸಮ್ಮ ಡಬ್ಬವನ್ನು ನೋಡಿದರು. ಸೆಕೆಂಡಪ್ಪನ ಹುಬ್ಬನ್ನು ನೋಡಿದರು. "ನನ್ನ ಬಿಳೀ ಹೊದಿಕೆಗಳು ಬಾಲ್ಕನಿಯಲ್ಲಿ ಒಣಗ್ತಾ ಇವೆ. ಅವಕ್ಕೆ ಈ ವಾಸನೆ ಹಿಡಿದ್ರೆ ನಾನು ಇವತ್ತು ಮೀನಿನ ಹೊಟ್ಟೆಯೊಳಗೆ ಮಲಗಿದ ಹಾಗಾಗುತ್ತೆ. ಟೆರೇಸಿಗೆ ತಗೊಂಡು ಹೋಗಿ. ಮೊದಲು ಹುಬ್ಬಿಗೆ ಮುಲಾಮು ಹಚ್ಕೊಳ್ಳಿ."

ಸೆಕೆಂಡಪ್ಪ ಮುಲಾಮನ್ನು ಮರೆತು, ಡಬ್ಬವನ್ನು ಹಿಡಿಯಿಂದ ಎತ್ತಿಕೊಂಡು, ಮೆಟ್ಟಿಲು ಹತ್ತಿ ಟೆರೇಸು ಸೇರಿದ. ಹಾದಿಯುದ್ದಕ್ಕೂ ಪುಟ್ಟ ರೈಲಿನ ಎಂಜಿನ್ನಿನ ಹಾಗೆ ಹೊಗೆ ಬಿಡುತ್ತಲೇ ಹೋದ.

ಟೆರೇಸಿನಲ್ಲಿ ಹೆಡ್ಮಾಸ್ತರರಿದ್ದರು. ಅವರು ಶಾಲೆಯಿಂದ ನಿವೃತ್ತರಾದ ಮೇಲೆ ಕಟ್ಟಡದ ಸಂಘದ ಕಾರ್ಯದರ್ಶಿಯಾಗಿದ್ದರು. ಮೂವತ್ತು ವರ್ಷದ ಹಾಜರಿ ಪುಸ್ತಕಗಳನ್ನು ಹುಳ ಹಿಡಿಯದಿರಲಿ ಎಂದು ಬಿಸಿಲಿಗೆ ಹರಡಿಕೊಂಡು ಕೂತಿದ್ದವರು, ಸೆಕೆಂಡಪ್ಪನನ್ನು ಕಂಡು ತಡವಾಗಿ ಬಂದ ಹುಡುಗನನ್ನು ನೋಡುವ ಹಾಗೆ ನೋಡಿದರು.

"ನಿಯಮ ಹದಿನೇಳು. ಟೆರೇಸಿನಲ್ಲಿ ಬೆಂಕಿ ಹಾಕೋ ಹಾಗಿಲ್ಲ. ಕೆಳಗೆ ಸ್ಕೂಟರು ನಿಲ್ಲಿಸೋ ಜಾಗದಲ್ಲಿ ಇಟ್ಕೊಳ್ಳಿ."

"ಸರಿ ಸಾರ್." ಸೆಕೆಂಡಪ್ಪ ಮೆಟ್ಟಿಲ ಕಡೆ ತಿರುಗಿದ.

"ನಿಲ್ಲಿ! ನಿಯಮ ಹದಿನೆಂಟು. ಮೆಟ್ಟಿಲ ಮೇಲೆ ಬೆಂಕಿ ಒಯ್ಯೋ ಹಾಗಿಲ್ಲ."

"ಈಗ ಮೆಟ್ಟಿಲ ಮೇಲೇ ಬಂದೆನಲ್ಲ ಸಾರ್!"

"ಹತ್ತೋವಾಗ ನಾನು ನೋಡ್ಲಿಲ್ಲ. ಇಳಿಯೋವಾಗ ನೋಡ್ತೀನಿ."

ಸೆಕೆಂಡಪ್ಪ ಮುಳ್ಳು ನೋಡಿದ. ಶಾಖ ಇಳಿಯುತ್ತಿತ್ತು. ಗಂಟೆ ಹನ್ನೊಂದೂ ಮುಕ್ಕಾಲು. "ಹಾಗಾದ್ರೆ ನಾನು ಹಾರಲಾ ಸಾರ್?"

ಹೆಡ್ಮಾಸ್ತರರು ಕನ್ನಡಕ ಒರೆಸಿಕೊಂಡು ನಿಯಮಗಳನ್ನು ಬೆರಳಲ್ಲಿ ಎಣಿಸಿದರು. "ಲಿಫ್ಟಿನ ಬಗ್ಗೆ ನಿಯಮದಲ್ಲಿ ಏನೂ ಬರೆದಿಲ್ಲ" ಅಂದರು.

ಲಿಫ್ಟು ಟೆರೇಸಿನವರೆಗೂ ಬರುತ್ತಿತ್ತು. ಅದು ಬಹಳ ಹಳೆಯದು. ಪ್ರತಿ ಮಹಡಿಗೂ ಒಂದು, ಎಳೆದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುವ ಕಂಬಿಯ ಬಾಗಿಲು. ಯಾವುದೇ ಮಹಡಿಯಲ್ಲಿ ಯಾರಾದರೂ ಆ ಬಾಗಿಲು ತೆಗೆದರೆ ಲಿಫ್ಟು ಇದ್ದಲ್ಲೇ ನಿಂತುಬಿಡುತ್ತಿತ್ತು. ಸೆಕೆಂಡಪ್ಪ ಡಬ್ಬದ ಸಮೇತ ಒಳಹೊಕ್ಕು ಗುಂಡಿ ಒತ್ತಿದ. ನಾಲ್ಕು ದಾಟಿತು, ಮೂರು ದಾಟಿತು. ಮೂರಕ್ಕೂ ಎರಡಕ್ಕೂ ನಡುವೆ ಗಕ್ಕೆಂದು ನಿಂತಿತು.

ನಾಲ್ಕನೇ ಮಹಡಿಯಲ್ಲಿ ನರ್ಸಮ್ಮ ಲಿಫ್ಟಿನ ಬಾಗಿಲು ತೆಗೆದು ಕೆಳಗೆ ಬಗ್ಗಿ ನೋಡುತ್ತಿದ್ದರು. "ಇದೇನು, ಇಲ್ಲಿಂದ ಹೊಗೆ ಬರ್ತಿದೆ! ಯಾರಾದ್ರೂ ಇದ್ದೀರಾ?"

"ನಾನಮ್ಮಾ! ಬಾಗಿಲು ಮುಚ್ಚಿ!"

"ಏನಂದ್ರಿ?"

"ಬಾಗಿಲು ಮುಚ್ಚೀ!"

"ಸರಿಯಾಗಿ ಕೇಳಿಸ್ತಿಲ್ಲ. ತಡೀರಿ, ಬಾಗಿಲು ಇನ್ನೂ ಸ್ವಲ್ಪ ಅಗಲ ತೆಗೀತೀನಿ!"

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ನಿಂತ ಲಿಫ್ಟಿನ ಬಾವಿ, ನೋಡಿದರೆ, ಒಂದು ದೊಡ್ಡ ಚಿಮಣಿಯೇ. ಗಾಳಿ ತಳದಿಂದ ಸುಯ್ಯೆಂದು ಎಳೆಯಿತು, ಹನ್ನೆರಡು ತೂತುಗಳಲ್ಲೂ ನುಗ್ಗಿತು. ಇದ್ದಿಲು ಕಣ್ಣು ಬಿಟ್ಟಿತು. ಒದ್ದೆ ಚಕ್ಕೆಗಳಿಂದ ಹೊಗೆ ದಾರದಂತೆ ಅಲ್ಲ, ಹಗ್ಗದಂತೆ, ಆಮೇಲೆ ಹಾಸಿಗೆಯಂತೆ ಎದ್ದು ಪ್ರತಿ ಮಹಡಿಯ ಕಂಬಿ ಬಾಗಿಲಿನಿಂದಲೂ ಹೊರಗೆ ಉರುಳಿತು. ಮಹಡಿಗೊಬ್ಬರಂತೆ ಜನ ಕೆಮ್ಮುತ್ತ ಹೊರಬಂದರು. ತಾವಿರುವ ಮಹಡಿಗೇ ಬೆಂಕಿ ಬಿದ್ದಿದೆ ಎಂದು ಪ್ರತಿಯೊಬ್ಬರೂ ಆಣೆಯಿಟ್ಟು ಹೇಳಿದರು.

ಹೆಂಡತಿ ಎರಡನೇ ಮಹಡಿಗೆ ಓಡಿ ಬಂದಳು. ಅವಳಿಗೆ ತಲೆಯ ಮಟ್ಟದಲ್ಲಿ ಗಂಡನ ಎರಡು ಪಾದಗಳು, ನಡುವೆ ಡಬ್ಬ, ಇಷ್ಟೇ ಕಾಣುತ್ತಿದ್ದವು. ಅವಳು ಪಾದಗಳಿಗೇ ಬೈದಳು.

"ರೀ, ಮೊದಲು ಅದನ್ನ ಆರಿಸ್ರೀ! ಬಟ್ಟಲಲ್ಲಿ ನೀರಿದೆಯಲ್ಲ, ಸುರೀರಿ!"

ಸೆಕೆಂಡಪ್ಪ ಬಗ್ಗಿ ಮುಳ್ಳನ್ನು ನೋಡಿದ. ನಾಲ್ಕು ವಾರದಿಂದ ಯಾವ ಗುರುತಿನ ಮೇಲೆ ಅದು ನಿಲ್ಲಬೇಕೆಂದು ಹಂಬಲಿಸಿದ್ದನೋ, ಆ ಗುರುತಿನ ಮೇಲೆ ಮುಳ್ಳು ಅಲ್ಲಾಡದೆ ನಿಂತಿತ್ತು. ಬಾಲ್ಕನಿಯಲ್ಲಿ ಇಂಥ ಗಾಳಿ ಏಳು ಜನ್ಮಕ್ಕೂ ಸಿಗುತ್ತಿರಲಿಲ್ಲ. ಅವನ ಕೈ ಚಿಮಣಿಯ ಮುಚ್ಚಳದವರೆಗೂ ಹೋಯಿತು. ಹಿಂದಕ್ಕೆ ಬಂತು.

"ಒಂದು ಸೆಕೆಂಡು ಕಣೇ!" ಅಂದ.

ಆ ಸೆಕೆಂಡು ನಲವತ್ತೈದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವನು ಕಂಬಿಗೆ ಮೂಗು ಒತ್ತಿ ಹೊರಗಿನ ಗಾಳಿ ಎಳೆದುಕೊಳ್ಳುತ್ತಿದ್ದ; ನರ್ಸಮ್ಮ ಮೇಲಿನಿಂದ "ದೀರ್ಘವಾಗಿ ಉಸಿರಾಡಿ", "ಈಗ ಉಸಿರಾಡಬೇಡಿ" ಎಂದು ಒಂದಾದಮೇಲೊಂದು ಸಲಹೆ ಕೊಡುತ್ತಿದ್ದರು; ಸಲಹೆ ಕೊಡುವುದಕ್ಕಾಗಿ ಬಾಗಿಲು ತೆಗೆದೇ ಇಟ್ಟಿದ್ದರು. ಅಗ್ನಿಶಾಮಕಕ್ಕೆ ಫೋನು ಮಾಡಿದ್ದೂ ಆಕೆಯೇ.

ಗಾಡಿ ಬಂತು. ಏಣಿ ಬಂತು, ಕೊಡಲಿ ಬಂತು, ದಪ್ಪ ಪೈಪು ಬಂತು. ಮೀಸೆಯ ಅಧಿಕಾರಿಯೊಬ್ಬರು ಇಳಿದು, "ಬೆಂಕಿ ಎಲ್ಲಿ?" ಎಂದರು. ಹತ್ತು ಜನ ಹತ್ತು ದಿಕ್ಕಿಗೆ ಬೆರಳು ತೋರಿಸಿದರು. ಅಧಿಕಾರಿ ಯಾರ ಮಾತಿಗೂ ಕಿವಿಗೊಡದೆ ಒಂದೊಂದೇ ಮಹಡಿ ಹತ್ತಿ, ನಾಲ್ಕನೆಯದರಲ್ಲಿ ನರ್ಸಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಾಗಿಲು ಮುಚ್ಚಿದರು.

ಲಿಫ್ಟು ಏನೂ ಆಗದ ಹಾಗೆ ಕೆಳಗಿಳಿಯಿತು.

ಬಾಗಿಲು ತೆರೆದಾಗ ಒಳಗಿನಿಂದ ಮೊದಲು ಒಂದು ಮೋಡ ಬಂತು. ಮೋಡದ ಹಿಂದೆ ತಲೆಯಿಂದ ಕಾಲಿನವರೆಗೆ ಕಂದುಬಣ್ಣಕ್ಕೆ ತಿರುಗಿದ, ಎರಡು ಕಣ್ಣು ಮಾತ್ರ ಬೆಳ್ಳಗಿರುವ ಒಂದು ಆಕೃತಿ ಬಂತು. ಪೈಪು ಹಿಡಿದು ತುದಿಗಾಲಲ್ಲಿ ನಿಂತಿದ್ದ ಸಿಬ್ಬಂದಿಯವನು ತಡಮಾಡದೆ ನೀರು ಬಿಟ್ಟ. ಸೆಕೆಂಡಪ್ಪ ಮಗುವನ್ನು ಕಾಪಾಡುವ ತಾಯಿಯ ಹಾಗೆ ಡಬ್ಬದ ಮೇಲೆ ಬೋರಲು ಬಿದ್ದ. ನೀರೆಲ್ಲ ಬೆನ್ನಿಗೆ ಬಿತ್ತು. ಹೊಟ್ಟೆಗೆ ಬಿಸಿ, ಬೆನ್ನಿಗೆ ತಣ್ಣಗೆ. ಅವನು ಬಿಟ್ಟ ಕೂಗು ಯಾವುದರದ್ದು ಎಂದು ಅವನಿಗೇ ಗೊತ್ತಾಗಲಿಲ್ಲ.

ಅಷ್ಟು ಹೊತ್ತಿಗೆ ಅಧಿಕಾರಿ ಮೆಟ್ಟಿಲಿಳಿದು ಬಂದರು. "ಏನದು? ತೆಗೀರಿ."

ಸೆಕೆಂಡಪ್ಪ ಮುಚ್ಚಳ ತೆಗೆದ. ಜಾಲರಿಯ ಮೇಲೆ ಮೂಲೆಯಿಂದ ಮೂಲೆಗೆ, ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತ ಮೀನು ಮಲಗಿತ್ತು. ಅದರ ಪರಿಮಳ ಹರಡುತ್ತಿದ್ದಂತೆ ಅಲ್ಲಿಯವರೆಗೆ ಬೈಯುತ್ತಿದ್ದ ಜನರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಯಾರೋ ಉಗುಳು ನುಂಗಿದ ಸದ್ದು ಕೇಳಿಸಿತು.

"ಪರಿಶೀಲನೆ ಮಾಡಬೇಕಾಗುತ್ತೆ" ಎಂದು ಅಧಿಕಾರಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ತೆಗೆದು, ಮತ್ತೊಂದು ಚೂರು ಮುರಿದರು. "ಇನ್ನೊಂದು ಕಡೆಯೂ ನೋಡ್ಬೇಕು."

"ಸಂಘದ ಪರವಾಗಿ ನಾನೂ ನೋಡ್ಬೇಕಾಗುತ್ತೆ" ಅಂದರು ಹೆಡ್ಮಾಸ್ತರರು.

"ಉಪ್ಪು ಜಾಸ್ತಿ ಇದ್ರೆ ರಕ್ತದೊತ್ತಡಕ್ಕೆ ಒಳ್ಳೇದಲ್ಲ, ಕೊಡಿ ಇಲ್ಲಿ" ಅಂದರು ನರ್ಸಮ್ಮ.

"ಎಲ್ಲರೂ ಸ್ವಲ್ಪ ತಡೀರಿ, ನಮ್ಮ ಭಾವ ಬರ್ಬೇಕು..." ಎಂದು ಸೆಕೆಂಡಪ್ಪ ಗೋಗರೆಯುತ್ತಿದ್ದಂತೆ ಅವನ ಭುಜದ ಮೇಲಿನಿಂದ, ತೋಳಿನ ಕೆಳಗಿನಿಂದ ಕೈಗಳು ಬಂದುಹೋದವು. ಕಡೆಯದಾಗಿ ಬಂದ ಕೈಯಲ್ಲಿ ಬಳೆಗಳಿದ್ದವು. ಅದು ಅವನ ಹೆಂಡತಿಯದೇ. "ಚೆನ್ನಾಗಿದೆ ಕಣ್ರೀ" ಅಂದಳು, ಬೆರಳು ನೆಕ್ಕುತ್ತ.

ಸರಿಯಾಗಿ ಒಂದು ಗಂಟೆಗೆ ಭಾವ ಬಂದರು. ಗಾಡಿ, ಪೈಪು, ಜನಜಂಗುಳಿ ಎಲ್ಲವನ್ನೂ ದಾಟಿ ಬಂದು ಡಬ್ಬದೊಳಗೆ ಇಣುಕಿದರು. ಅಲ್ಲಿ ಒಂದು ತಲೆ, ಒಂದು ಬಾಲ, ನಡುವೆ ಬರೀ ಮೂಳೆ.

"ಏನಯ್ಯಾ ಇದು, ಬಾಚಣಿಗೆಗೆ ಹೊಗೆ ಹಾಕಿದ್ದೀಯಾ?"

ಸೆಕೆಂಡಪ್ಪನಿಗೆ ಭೂಮಿಯೇ ಬಾಯಿಬಿಡಬಾರದೇ ಅನಿಸಿತು. ಆದರೆ ಆ ಗಳಿಗೆಯಲ್ಲಿ ಅಧಿಕಾರಿ ಮೀಸೆ ಒರೆಸಿಕೊಳ್ಳುತ್ತ ತಿರುಗಿ ನೋಡಿದರು. ಅವರ ಮುಖ ಅರಳಿತು.

"ಅರೆ, ನೀವಾ ಸಾರ್! ಇವರು ನಿಮ್ಮ ಸಂಬಂಧಿಕರಾ? ಆಗಲೇ ಅಂದ್ಕೊಂಡೆ. ಪೀಪಾಯಿಯಲ್ಲಿ ಮೀನು ಸುಡೋಕೆ ಹೋಗಿ ತೋಟದ ಮನೆಯನ್ನೇ ಸುಟ್ಟುಕೊಂಡ್ರಲ್ಲ, ಮೂರು ವರ್ಷದ ಹಿಂದೆ? ಆವತ್ತು ಬೆಂಕಿ ಆರಿಸೋಕೆ ನಾವು ಎರಡು ಗಾಡಿ ತಂದಿದ್ವಿ. ಮೀನು ಮಾತ್ರ ಹಸಿಯಾಗೇ ಇತ್ತು!"

ಭಾವನ ಮುಖ ಪೀಪಾಯಿಯ ತಳದ ಬಣ್ಣಕ್ಕೆ ತಿರುಗಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಸೆಕೆಂಡಪ್ಪನಿಗೆ ಒದ್ದೆ ಬಟ್ಟೆಯ ಚಳಿ, ಅರ್ಧ ಹುಬ್ಬಿನ ಉರಿ ಎಲ್ಲವೂ ಒಮ್ಮೆಗೇ ಮರೆತುಹೋಯಿತು. ನಾಲ್ಕು ವಾರದ ಶ್ರಮಕ್ಕೆ ಇದಕ್ಕಿಂತ ಇನ್ನೇನು ಬೇಕು? ಅವನು ಎದೆಯುಬ್ಬಿಸಿ, "ಹೌದಾ ಭಾವ? ಜಾಗ ಅಷ್ಟು ಇದ್ರೂ?" ಎಂದು ಕೇಳಿಯೂ ಬಿಟ್ಟ.

ಆ ಸುಖ ಅರ್ಧ ನಿಮಿಷ ಬಾಳಿತು.

ಅಧಿಕಾರಿ ಜೇಬಿನಿಂದ ಪುಸ್ತಕ ತೆಗೆದು ಬರೆಯತೊಡಗಿದರು. "ದಂಡ ಗಿಂಡ ಏನೂ ಹಾಕಲ್ಲ ಸ್ವಾಮಿ. ಮೀನು ಅಷ್ಟು ಚೆನ್ನಾಗಿತ್ತು. ಆದರೆ ಲಿಫ್ಟಿನಲ್ಲಿ ಕೆಂಡ ಇಟ್ಕೊಂಡು ಕೂತ ತಪ್ಪಿಗೆ ನಮ್ಮ ಠಾಣೆಯ ಬೆಂಕಿ ಸುರಕ್ಷತೆಯ ಪಾಠಕ್ಕೆ ಬರಲೇಬೇಕು. ಎಂಟು ಭಾನುವಾರ. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ. ಒಂದು ತಪ್ಪಿಸಿದ್ರೂ ಮತ್ತೆ ಮೊದಲಿನಿಂದ."

"ಅಷ್ಟೇ ತಾನೇ ಸಾರ್? ಬರ್ತೀನಿ" ಅಂದ ಸೆಕೆಂಡಪ್ಪ ಧಾರಾಳವಾಗಿ.

"ಪಾಠ ಮಾಡೋರು ನಿಮ್ಮ ಭಾವನೇ" ಅಂದರು ಅಧಿಕಾರಿ. "ತೋಟದ ಮನೆ ಸುಟ್ಟಾಗ ಇವರಿಗೂ ಇದೇ ಶಿಕ್ಷೆ ಆಗಿತ್ತು. ಮೂರನೇ ವಾರಕ್ಕೆ ಇವರ ಮಾತು ತಡೆಯೋಕಾಗದೆ ನಮ್ಮ ಮೇಷ್ಟ್ರು ಕೆಲಸ ಬಿಟ್ಟು ಹೋದ್ರು. ಅವತ್ತಿನಿಂದ ಇವರೇ ನಡೆಸ್ತಿದ್ದಾರೆ. ನಾಲ್ಕು ಗಂಟೆ ಒಂದೇ ಸಮನೆ, ನೀರು ಕೂಡ ಕುಡಿಯೋದಿಲ್ಲ!"

ಭಾವನ ಮುಖಕ್ಕೆ ಬಣ್ಣ ನಿಧಾನವಾಗಿ ಮರಳಿತು. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ತೊಯ್ದು ತೊಪ್ಪೆಯಾಗಿ ನಿಂತಿದ್ದ ಸೆಕೆಂಡಪ್ಪನ ಭುಜದ ಮೇಲೆ ಕೈಹಾಕಿ ಅವನನ್ನು ಮೆಟ್ಟಿಲ ಕಡೆ ನಡೆಸಿಕೊಂಡು ಹೊರಟರು.

"ಭಾನುವಾರದವರೆಗೆ ಯಾಕೆ ಕಾಯೋದು? ಊಟ ಮಾಡ್ತಾನೇ ಶುರು ಮಾಡೋಣ. ಬೆಂಕಿ ಅಂದ್ರೆ ಏನು? ಹೇಳು ನೋಡೋಣ. ಗೊತ್ತಿಲ್ಲ ಅಲ್ವಾ? ಕೇಳಿಸ್ಕೋ..."