ನನ್ನನ್ನು ‘ಎಲ್ಲರಂತೆ’ ಮಾಡಿದ ಶಸ್ತ್ರವೈದ್ಯರಿಗೆ

ಮಾನ್ಯ ಹಿರಿಯ ಶಸ್ತ್ರವೈದ್ಯರೇ,

ತಮಗೂ, ತಮ್ಮ ಕತ್ತರಿಗೂ, ತಮ್ಮ ಹಿಂದೆ ಸಾಲಾಗಿ ನಡೆದು ಬರುವ ಕಿರಿಯ ವೈದ್ಯರಿಗೂ ಸೇರಿಸಿ ಮೊದಲಿಗೇ ಒಂದು ದೊಡ್ಡ ನಮಸ್ಕಾರ. ಹುಣ್ಣಾಗಿ ರಕ್ತ ಸುರಿಸುತ್ತಿದ್ದ ನನ್ನ ದೊಡ್ಡ ಕರುಳನ್ನು ತಾವು ಪೂರ್ತಿ ತೆಗೆದುಹಾಕಿ, ಉಳಿದ ಸಣ್ಣ ಕರುಳನ್ನೇ ಮಡಚಿ ಹೊಲಿದು ಒಳಗೊಂದು ಚೀಲ ಮಾಡಿಕೊಟ್ಟಿರಿ. ಆ ಕಾರಣದಿಂದಲೇ ನಾನು ಬದುಕಿದ್ದೇನೆ, ಬದುಕಿರುವ ಕಾರಣದಿಂದಲೇ ದೂರು ಬರೆಯುವ ಸ್ಥಿತಿಯಲ್ಲಿದ್ದೇನೆ. ಹಾಗಾಗಿ ಈ ಪತ್ರದ ಅರ್ಧ ಹೊಣೆ ತಮ್ಮದೇ.

ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ‘ಸಂಪೂರ್ಣ ಗುಣಮುಖರು’ ಎಂಬ ಸಾಲಿನಲ್ಲಿ ನಾನು ವೇದಿಕೆಗೆ ಬಂದು ನಾಲ್ಕು ಮಾತಾಡಬೇಕೆಂದು ತಮ್ಮ ಕಚೇರಿಯವರು ಫೋನ್ ಮಾಡಿದ್ದರು. ಆ ನಾಲ್ಕು ಮಾತು ಇಲ್ಲಿವೆ. ಸ್ವಲ್ಪ ಉದ್ದವಾಗಿವೆ, ಕ್ಷಮಿಸಬೇಕು.

ತಮಗೆ ನನ್ನ ಮುಖ ನೆನಪಿರಲಾರದು, ಹೊಟ್ಟೆ ತೋರಿಸಿದರೆ ನೆನಪಾದೀತು. ನಾನು ಕಾರು ಕಲಿಸುವವಳು. ಕಾಯಿಲೆ ಜೋರಾಗಿದ್ದ ಕಾಲದಲ್ಲಿ ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಚಿಲಕವಿದೆ, ಯಾವ ಬಟ್ಟೆ ಅಂಗಡಿಯವರು ಮುಖ ಸಿಂಡರಿಸದೆ ಒಳಗೆ ಬಿಡುತ್ತಾರೆ ಎಂದು ನೋಡಿಕೊಂಡೇ ಪಾಠದ ದಾರಿ ಹಾಕುತ್ತಿದ್ದೆ. ಹಾಗಾಗಿ ನನ್ನ ಬಳಿ ಕಲಿತವರೆಲ್ಲ ಗಾಡಿಯನ್ನು ತುರ್ತಾಗಿ ನಿಲ್ಲಿಸುವುದರಲ್ಲಿ ಬಲು ಗಟ್ಟಿಗರು. ಕೊನೆಗೊಂದು ದಿನ ಪಾಠದ ನಡುವೆ ಸೀಟಿನಲ್ಲೇ ನಾನು ಕುಸಿದಾಗ, ಆವರೆಗೆ ಎರಡನೇ ಗೇರಿನಿಂದ ಮೇಲಕ್ಕೆ ಹೋಗಲು ಹೆದರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಅಳುತ್ತಳುತ್ತಲೇ ಕಾರು ಓಡಿಸಿ ನನ್ನನ್ನು ತಮ್ಮ ಆಸ್ಪತ್ರೆಯ ಬಾಗಿಲಿಗೆ ತಂದು ಹಾಕಿದಳು.

ಆಗ ನಮಗೆ ಮದುವೆಯಾದ ಹೊಸತು. ತಾವು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು, ಸೋಂಕಾಗಬಹುದು, ಹೊಲಿಗೆ ಬಿಡಬಹುದು, ಹೊಟ್ಟೆಯ ಮೇಲೆ ಗೀರು ಉಳಿದು ಅಂದವೂ ತುಸು ಕೆಡಬಹುದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದಿರಿ. ಕಟ್ಟಡಗಳಿಗೆ ಗಾಜು ಕೂರಿಸುವ ನನ್ನ ಗಂಡ ಹೆಚ್ಚು ಮಾತಾಡುವವರಲ್ಲ. ಅವರು ಬಾಗಿಲ ಬಳಿ ನಿಂತು, “ಸಾರ್, ಮುಂದೆ ಮಕ್ಕಳು ಗಿಕ್ಕಳು...” ಎಂದು ರಾಗ ಎಳೆದಾಗ ತಾವು ಅವರ ಬೆನ್ನು ತಟ್ಟಿ, “ಮೊದಲು ಹೆಂಡ್ತಿ ಉಳೀಲಿ ಕಣ್ರೀ, ಆಮೇಲೆ ಅವರೂ ಎಲ್ಲರಂತೆ” ಎಂದಿರಿ. ಅಷ್ಟು ಚಿಕ್ಕ ವಾಕ್ಯದಲ್ಲಿ ಅಷ್ಟು ದೊಡ್ಡ ವಿಷಯವನ್ನು ಮುಚ್ಚಿ ಹೊಲಿದ ತಮ್ಮ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ.

ಒಳಗಿನ ಹೊಲಿಗೆ ಮಾಯುವವರೆಗೆ ಮಲಕ್ಕೆಂದು ಹೊಟ್ಟೆಯ ಹೊರಗೆ ಅಂಟಿಸಿದ್ದ ತಾತ್ಕಾಲಿಕ ಚೀಲವೂ ಹೋಗಿ ನಾನು ಮತ್ತೆ ಕಾರು ಹತ್ತಿದ ಮೇಲೆ, ಎಲ್ಲರಂತೆ ಆಗುವ ಪ್ರಯತ್ನವನ್ನು ನಾವು ಶ್ರದ್ಧೆಯಿಂದ ಶುರು ಮಾಡಿದೆವು. ಗರ್ಭ ನಿಲ್ಲುವ ದಿನಗಳ ಲೆಕ್ಕವಿಡುವ ಮೊಬೈಲ್ ಆ್ಯಪ್ “ಇವತ್ತು ಶುಭದಿನ” ಎಂದು ಗುಲಾಬಿ ಬಣ್ಣದಲ್ಲಿ ಮಿನುಗಿದ ದಿನವೇ ಒಳಗಿನ ಚೀಲಕ್ಕೂ ಮುನಿಸು ಬರುತ್ತಿತ್ತು. ನಾನು ಶೌಚಾಲಯದ ಒಳಗೆ, ಸ್ನಾನ ಮಾಡಿ ಹೊಸ ಅಂಗಿ ತೊಟ್ಟ ಗಂಡ ಬಾಗಿಲ ಹೊರಗೆ. ನನಗೆ ಮುಜುಗರವಾಗದಿರಲೆಂದು ಅವರು ಅಂದು ಯಾವ ಬ್ಯಾಂಕಿಗೆ ಎಂಥ ಗಾಜು ಕೂರಿಸಿದೆ ಎಂದು ಬಾಗಿಲಿಗೇ ವರದಿ ಒಪ್ಪಿಸುತ್ತಿದ್ದರು. ಇದಕ್ಕಿಂತ ಮಿಗಿಲಾದ ಪ್ರಣಯ ಸಂಭಾಷಣೆ ನನಗೆ ಗೊತ್ತಿಲ್ಲ. ಇತ್ತ ಅತ್ತೆಯವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, “ಒಳಗೆ ಅಷ್ಟೊಂದು ಜಾಗ ಖಾಲಿಯಾಗಿದೆಯಲ್ಲಮ್ಮ, ಮಗು ಆರಾಮಾಗಿ ಇರುತ್ತೆ ಬಿಡು” ಎಂದು ಸಮಾಧಾನ ಹೇಳುತ್ತಿದ್ದರು.

ವರ್ಷಗಳು ಹೋದವು, ಖಾಲಿ ಜಾಗ ಖಾಲಿಯೇ ಉಳಿಯಿತು. ತಮ್ಮ ವಿಭಾಗಕ್ಕೆ ಬಂದರೆ “ಅದು ಹೆಂಗಸರ ವಿಭಾಗದ ವಿಷಯ”, ಅಲ್ಲಿ ಹೋದರೆ “ಮೊದಲು ಕರುಳಿನವರನ್ನ ಕೇಳ್ಕೊಂಡು ಬನ್ನಿ”. ಎರಡೂ ಒಂದೇ ಪಡಸಾಲೆಯ ಎರಡು ತುದಿ. ನಡುವೆ ನಡೆದೂ ನಡೆದೂ ನನ್ನ ಆರೋಗ್ಯ ಸುಧಾರಿಸಿದ್ದನ್ನು ಇಲ್ಲಿ ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಕಡೆಗೆ ಹೊಸದಾಗಿ ಬಂದ ಸ್ತ್ರೀರೋಗ ತಜ್ಞೆಯೊಬ್ಬರು ಗರ್ಭಕೋಶದೊಳಗೆ ಬಣ್ಣದ ದ್ರವ ಬಿಟ್ಟು ಪರದೆಯಲ್ಲಿ ನೋಡಿದರು. ದ್ರವ ಮುಂದೆ ಹೋಗಲಿಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ಅಂಡನಾಳಗಳೆರಡೂ ಅಕ್ಕಪಕ್ಕಕ್ಕೆ ಅಂಟಿ ಮುಚ್ಚಿಹೋಗಿದ್ದವು. “ಈ ಆಪರೇಷನ್ ಆದವರಲ್ಲಿ ಇದು ಅಪರೂಪ ಏನಲ್ಲ. ಮೊದಲೇ ಹೇಳಿರಬೇಕಲ್ಲ?” ಎಂದು ಅವರು ಸಹಜವಾಗಿ ಕೇಳಿದರು. ನನ್ನ ಗಂಡ ಗೋಡೆ ನೋಡುತ್ತ, “ನಾನು ಕೇಳಿದ್ದೆ” ಎಂದರು.

ಆಮೇಲೆ ಸೂಜಿಯ ಮೇಲೆ ಸೂಜಿ ಚುಚ್ಚಿ, ಅಂಡ ತೆಗೆದು, ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ ಒಳಗಿಟ್ಟರು. ಅದು ನಿಲ್ಲಲಿಲ್ಲ. ಆಳೆತ್ತರಕ್ಕಿಂತ ದೊಡ್ಡ ಗಾಜನ್ನು ಗೀರು ಬೀಳದಂತೆ ಹೊರುವ ನನ್ನ ಗಂಡ ಆ ವಾರ ನಮ್ಮದೇ ಅಡುಗೆಮನೆಯ ಕಿಟಕಿಗಾಜು ಕೈಜಾರಿಸಿ, ಚೂರುಗಳೆಲ್ಲ ಹೋದ ಮೇಲೂ ನೆಲವನ್ನು ಗುಡಿಸುತ್ತಲೇ ಇದ್ದರು. ನಾನು ಪೊರಕೆ ಕಸಿದುಕೊಂಡು ಪಕ್ಕದಲ್ಲಿ ಕೂತೆ.

ಮಾನ್ಯರೇ, ತಾವು ಅಂದು ನಿಜ ಹೇಳಿದ್ದರೂ ನಾನು ಆಪರೇಷನ್ ಬೇಡವೆನ್ನುತ್ತಿರಲಿಲ್ಲ, ಸಾಯುವ ಶೋಕಿ ನನಗಿರಲಿಲ್ಲ. ಬೇಗ ಸರಿಯಾದ ಬಾಗಿಲು ತಟ್ಟುತ್ತಿದ್ದೆವು, ಅಷ್ಟೇ. ಇಷ್ಟು ವರ್ಷ ಗಂಡಹೆಂಡಿರಿಬ್ಬರೂ ನಮ್ಮನ್ನು ನಾವೇ ಒಬ್ಬರಿಗೊಬ್ಬರು ಗೊತ್ತಾಗದಂತೆ ಬೈದುಕೊಳ್ಳುವುದು ತಪ್ಪುತ್ತಿತ್ತು.

ಮುಂದಿನ ತಿಂಗಳು ಇನ್ನೊಂದು ಪ್ರಯತ್ನವಿದೆ. ಆ ದಿನ ತಾವು ದಯಮಾಡಿಸಿ, ನನ್ನ ಅಂಡನಾಳಗಳ ಬೆನ್ನನ್ನೂ ಒಮ್ಮೆ ತಟ್ಟಿ ಧೈರ್ಯ ಹೇಳಬೇಕು. ಬಿಡುವಾದರೆ ಖಾಲಿ ಜಾಗದ ಲೆಕ್ಕವನ್ನು ನಮ್ಮ ಅತ್ತೆಯವರಿಗೆ ಚಿತ್ರ ಬರೆದು ವಿವರಿಸಬೇಕು. ವೇದಿಕೆಗೆ ನಾನು ಖಂಡಿತ ಬರುತ್ತೇನೆ, ‘ಸಂಪೂರ್ಣ’ ಎಂಬ ಪದವೊಂದನ್ನು ತೆಗೆದುಹಾಕಿದರೆ ಸಾಕು. ತೆಗೆದುಹಾಕುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ.

ಇಂತಿ, ಹೊರಗಿನಿಂದ ನೋಡಲು ಅಚ್ಚುಕಟ್ಟಾಗಿಯೇ ಇರುವ,
ತಮ್ಮ ವಿಶ್ವಾಸಿ ರೋಗಿ

ಮರೆತ ಮಾತು: ಈ ಪತ್ರ ಕೊಡಲು ಬಂದಾಗ ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾಲೇಜು ಹುಡುಗಿಯೊಬ್ಬಳು ತಾಯಿಯೊಂದಿಗೆ ಕೂತಿದ್ದಳು. ಅವಳಿಗೂ ಇದೇ ಆಪರೇಷನ್ ಅಂತೆ. ನಾನು ಬಾಯಿ ಮುಚ್ಚಿಕೊಂಡಿರಲಾರದೆ ಎಲ್ಲವನ್ನೂ ಹೇಳಿ, ಮಕ್ಕಳ ವಿಷಯ ಡಾಕ್ಟರನ್ನೇ ಕೇಳು ಎಂದುಬಿಟ್ಟೆ. ತಾಯಿ, “ಅದೆಲ್ಲ ಡಾಕ್ಟರ ಹತ್ರ ಕೇಳ್ತಾರೇನೇ?” ಎಂದು ಗದರಿದರು. ಹುಡುಗಿ, “ಮತ್ತೆ ಇನ್ಯಾರ ಹತ್ರ ಕೇಳಲಮ್ಮ?” ಎಂದಳು. ಸೋಮವಾರ ಬೆಳಿಗ್ಗೆ ತಮ್ಮನ್ನು ಕಾಣುವ ಮೊದಲ ಸರದಿ ಅವಳದ್ದು. ಉತ್ತರ ತಯಾರಿಟ್ಟುಕೊಳ್ಳಿ.