ಗಟ್ಟಿಮೇಳಕ್ಕೂ ಮೊದಲೇ ಬಿದ್ದ ಅಕ್ಷತೆ

ಸ್ಯಾಕ್ಸೋಫೋನ್ ನುಡಿಸುವವನಿಗೆ ಸ್ವಂತ ಮನೆಯಲ್ಲಿ ಮರ್ಯಾದೆ ಸಿಗುವುದು ಕಷ್ಟ. ರಾಯಚೂರಿನ ನಮ್ಮ ಪುಟ್ಟ ಮನೆಯಲ್ಲಿ ನಾನು ಅಭ್ಯಾಸಕ್ಕೆ ಕುಳಿತೆನೆಂದರೆ ಹೆಂಡತಿ ನಾಗರತ್ನ ಅಡುಗೆಮನೆಯಿಂದಲೇ, "ನಿಮ್ಮ ಕೂಗು ಯಾವ್ದು, ಕುಕ್ಕರ್ ಕೂಗು ಯಾವ್ದು ಒಂದೂ ತಿಳೀವಲ್ದು. ಬ್ಯಾಳಿ ಕರಗಿ ನೀರಾತು ನೋಡ್ರಿ!" ಎನ್ನುತ್ತಾಳೆ. ಹೈದರಾಬಾದಿನ ಹೋಟೆಲುಗಳಲ್ಲಿ ವರ್ಷಗಟ್ಟಲೆ ಜಾಝ್ ನುಡಿಸಿ ಬಂದವನು ನಾನು. ಅಲ್ಲಿ ಜನ ಬಿರಿಯಾನಿ ತಿನ್ನುತ್ತ ತಲೆದೂಗುತ್ತಿದ್ದರು. ಬಿರಿಯಾನಿಗೋ ನನಗೋ ಎಂದು ವಿಚಾರಿಸಲು ನಾನು ಹೋಗಲಿಲ್ಲ.

ಸಾಲದ್ದಕ್ಕೆ ನನಗೆ ಇನ್ನೊಂದು ಹುಚ್ಚು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಈಗಿನ ಕಾಲದ ಶೈಲಿಯಲ್ಲಿ ಸ್ವಂತ ಕೃತಿ ರಚಿಸುವುದು. ಅದಕ್ಕೆ ತಾಳ ಹಾಕಲು ಬರುವುದಿಲ್ಲ, ಗುನುಗುವ ಮಾತಂತೂ ದೂರವೇ ಉಳಿಯಿತು. ಕಳೆದ ವರ್ಷ ರಚಿಸಿದ್ದು ಮೆಲ್ಲಗೆ ಶುರುವಾಗುತ್ತದೆ, ನಡುವೆ ಉದ್ದನೆಯ ಮೌನ, ಆಮೇಲೆ ಇದ್ದಕ್ಕಿದ್ದಂತೆ ಒಂದು ಅಬ್ಬರ. ಎಲ್ಲಿ ನುಡಿಸಿದರೂ ಮೌನ ಬಂದೊಡನೆ ಮುಗಿಯಿತೆಂದು ಜನ ಚಪ್ಪಲಿ ಹುಡುಕುತ್ತಿದ್ದರು. ಒಮ್ಮೆಯಾದರೂ ಯಾರಾದರೂ ಕೊನೆಯವರೆಗೆ ಕೇಳಲಿ, ಇಲ್ಲದಿದ್ದರೆ ರಚನೆಯ ಗೊಡವೆಯೇ ಬೇಡ ಎಂದು ಒಳಗೊಳಗೇ ತೀರ್ಮಾನಿಸಿದ್ದೆ.

ಅಷ್ಟರಲ್ಲಿ ದೇವದುರ್ಗದಲ್ಲಿ ನಾಗರತ್ನಳ ಅಣ್ಣನ ಮಗಳು ಸವಿತಾಳ ಮದುವೆ ಬಂತು. ಅಕ್ಷತೆ ಹಿಡಿದು ಕುಳಿತವರು ಎದ್ದು ಹೋಗಲಾರರು ಎಂಬ ಉಪಾಯ ಹೊಳೆಯಿತು. ತಾಳಿಯ ತಟ್ಟೆ ಹಿರಿಯರ ಕೈ ಮುಟ್ಟಿಸಿಕೊಂಡು ಬರುವಷ್ಟರಲ್ಲಿ ನುಡಿಸಿಬಿಡುತ್ತೇನೆಂದು ಭಾವನನ್ನು ಕಾಡಿದೆ. "ನುಡಸ್ರಿ, ಆದ್ರ ಮೆಲ್ಲಕ," ಎಂದರು ಪಾಪ.

ಮೆಲ್ಲಗೇ ಶುರುಮಾಡಿದೆ. ಮೌನ ಬಂತು. ಒಬ್ಬರೂ ಏಳಲಿಲ್ಲ! ಆ ಸಂತೋಷದಲ್ಲಿ ಅಬ್ಬರವನ್ನು ಇನ್ನಷ್ಟು ಜೋರಾಗಿಯೇ ಊದಿದೆ. ನಮ್ಮ ಕಡೆ ವಾದ್ಯ ಇದ್ದಕ್ಕಿದ್ದಂತೆ ಜೋರಾಯಿತೆಂದರೆ ಕೊರಳಿಗೆ ತಾಳಿ ಬಿತ್ತೆಂದೇ ಅರ್ಥ. ಇಡೀ ಮಂಟಪ ಅಕ್ಷತೆ ಎರಚಿತು.

"ಯಪ್ಪಾ, ತಾಳಿ ಇನ್ನಾ ತಟ್ಯಾಗ ಅದ! ಯಾಕ ಅಕ್ಕಿ ಹಾಕೀರಿ?" ಎಂದು ಪುರೋಹಿತರು ಕೂಗಿದರು. ಭಾವ ನನ್ನನ್ನು ನೋಡಿದ ನೋಟ ಹೇಳಲಾರೆ. ಸ್ಯಾಕ್ಸೋಫೋನನ್ನು ಪೆಟ್ಟಿಗೆಗೆ ಸೇರಿಸಿ, ಊಟವನ್ನೂ ಮಾಡದೆ ಬಸ್‌ ಹತ್ತುವುದೆಂದು ಎದ್ದೆ. ಆಗ ಮದುಮಗಳೇ ನಕ್ಕು, "ಮಾವಾ, ತಾಳಿ ಕಟ್ಟುವಾಗ ಅದನ್ನ ನುಡಸ್ರಿ. ಎದಿ ಝಲ್ ಅಂತು," ಎಂದಳು.

ಅಡುಗೆಮನೆಯ ಅಕ್ಕಿಗೆ ಅರಿಸಿನ ಕಲಸಿ ತಂದರು. ಮೊದಲಿನಿಂದ ನುಡಿಸಿದೆ. ಮುಂದೇನು ಬರುತ್ತದೆಂದು ಈಗ ಎಲ್ಲರಿಗೂ ಗೊತ್ತಿತ್ತು. ಮುಷ್ಟಿ ಬಿಗಿಹಿಡಿದು, ಉಸಿರು ಬಿಡದೆ, ಅಷ್ಟೂ ಜನ ನನ್ನ ಮೌನವನ್ನು ಕೇಳಿದರು. ನನ್ನ ಕಣ್ಣು ತುಂಬಿ ಬಂತು.

ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಮಾನ್ವಿಯ ಹಿರಿಯರೊಬ್ಬರು, "ನಮ್ಮ ಮಗನ ಮದಿವಿಗೂ ನೀವ ಬರ್ರಿ. ನಡುವ ಸುಮ್ನ ಕುಂತ್ರಲ್ರೀ, ಅದು ಭಾಳ ಚೊಲೊ ಅದ. ಅದನ್ನ ಇನ್ನೊಂದಿಷ್ಟು ಉದ್ದ ಮಾಡ್ರಿ," ಎಂದರು.

ಒಪ್ಪಿಕೊಂಡಿದ್ದೇನೆ. ನಾಗರತ್ನಳೂ ಈಗ ನನ್ನ ಸಂಗೀತದ ಕಡೆ ಆಗಿದ್ದಾಳೆ. ಕುಕ್ಕರ್ ಇಟ್ಟೊಡನೆ ಬಂದು, "ಮಾನ್ವೀದು ಅಭ್ಯಾಸ ಮಾಡ್ರಿ," ಎಂದು ತಾನೇ ನೆನಪಿಸುತ್ತಾಳೆ. ನಾನು ವಾದ್ಯವನ್ನು ತುಟಿಗಿಟ್ಟುಕೊಂಡು ಸುಮ್ಮನೆ ಕುಳಿತಿರುತ್ತೇನೆ. ಬೇಳೆ ಹದವಾಗಿ ಬೇಯುತ್ತಿದೆ.