ಬನಿಯನ್ ತೊಟ್ಟ ಸೀಬೆಕಾಯಿ

ಧೈರ್ಯವಂತರ ಬದುಕಿನಲ್ಲಿ ನಗೋಕೆ ಏನಿರುತ್ತೋ ಗೊತ್ತಿಲ್ಲ. ನನ್ನಂಥ ಪುಕ್ಕಲನಿಗೆ ಮಾತ್ರ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ತಿರುಪ್ಪೂರಿನಲ್ಲಿ ನಮ್ಮದು ಮಗ್ಗದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ್ಗದ ಸದ್ದು ಸಾಕಾಗಿ ಆನೈಮಲೈ ಹತ್ತಿರ ಒಂದು ಎಕರೆ ಗುತ್ತಿಗೆ ಹಿಡಿದೆ, ಅಲ್ಲೇ ಬಾಡಿಗೆ ಮನೆ ಮಾಡಿ ಸೀಬೆ ಹಾಕಿದೆ. ಹೆಂಡತಿ ಒಂದೇ ಮಾತು ಹೇಳಿದ್ದಳು: "ಮೊದಲ ಫಸಲಿಗೆ ವ್ಯಾಪಾರಿ ಒಪ್ಪಬೇಕು. ಇಲ್ಲಾಂದ್ರೆ ನಮ್ಮಣ್ಣನ ಮಗ್ಗದಲ್ಲಿ ಕೆಲಸ." ಭಾವನ ಕೈಕೆಳಗೆ ಕೂರೋದು ಅಂದ್ರೆ ನನಗೆ ಈಗಲೂ ಭಯ.

೧. ಸಂದು

ಬಟ್ಟೆಯಲ್ಲಿ ಸಂದು ಕಂಡರೆ ನೇಕಾರನಿಗೆ ನಿದ್ದೆ ಬರೋಲ್ಲ. ನೆಲದಲ್ಲೂ ಹಾಗೇ ಆಯಿತು. ನೂಲು ಎಳೆದು ಕಟ್ಟಿ, ಮೊಳಕ್ಕೊಂದರಂತೆ ಗಿಡ ನೆಟ್ಟೆ. ಏನು ನೇರ, ಏನು ಒತ್ತು! ಪಕ್ಕದ ತೆಂಗಿನ ತೋಟದ ಯಜಮಾನರು ಬಂದು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ತಂಬಿ. ಗಿಡ ಬೆಳೆದ ಮೇಲೆ ಒಳಗೆ ನೀನು ಹೇಗೆ ಹೋಗ್ತೀಯ?"

"ಅದಕ್ಕೇನು, ಪಕ್ಕಕ್ಕೆ ತಿರುಗಿಕೊಂಡು ಹೋಗ್ತೀನಿ."

ಅವರು ನನ್ನ ಹೊಟ್ಟೆ ನೋಡಿದರು. ಮಾರನೇ ದಿನವೇ ಮುಕ್ಕಾಲು ಗಿಡ ಕಿತ್ತೆ.

೨. ಸೀರೆ ಬೇಲಿ

ಆಮೇಲೆ ಕಾಡುಹಂದಿ ಭಯ. ಯಜಮಾನರು, "ಸುತ್ತ ಹಳೇ ಸೀರೆ ಕಟ್ಟು, ಮನುಷ್ಯರಿದ್ದಾರೆ ಅಂತ ಹೆದರುತ್ತೆ" ಅಂದರು. ನೇಕಾರರ ಮನೆಯಲ್ಲಿ ಸೀರೆಗೆ ಬರವೇ? ಪೆಟ್ಟಿಗೆ ತೆಗೆದೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿದೆ. ಬೆಳಿಗ್ಗೆ ಹೆಂಡತಿ ಬುತ್ತಿ ತಂದವಳು ಬೇಲಿ ಹತ್ತಿರವೇ ನಿಂತುಬಿಟ್ಟಳು.

"ಇದು ತಂಗಿ ಮದುವೆಗೆ ಎತ್ತಿಟ್ಟಿದ್ದ ಸೀರೆ ಅಲ್ವಾ?"

ನಾನು ಸೀರೆಯ ಗಂಟು ಬಿಚ್ಚತೊಡಗಿದೆ.

"ಹಂದಿ ಹೆದರುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನೀವಂತೂ ಹೆದರಿ!"

ಹೆದರಿದೆ. ಹಂದಿ ಬರಲಿಲ್ಲ, ಬುತ್ತಿಯೂ ಸಿಗಲಿಲ್ಲ.

೩. ಬನಿಯನ್

ಕಾಯಿ ಕಚ್ಚಿದ ಮೇಲೆ ನೊಣದ ಭಯ. ನೊಣ ಚುಚ್ಚಿದರೆ ಒಳಗೆಲ್ಲ ಹುಳ. ತಿರುಪ್ಪೂರಿನಿಂದ ಬನಿಯನ್ ಬಟ್ಟೆಯ ಚೂರು ತಂದು, ಚೀಲ ಹೊಲಿದು, ಕಾಯಿಗೊಂದೊಂದು ತೊಡಿಸಿದೆ. ತೊಡಿಸಿದ ಮೇಲೆ ಇನ್ನೊಂದು ಭಯ: ಒಳಗೆ ಕಾಯಿ ಹೇಗಿದೆಯೋ! ದಿನಾ ಬೆಳಿಗ್ಗೆ ಒಂದೊಂದನ್ನೂ ಬಿಚ್ಚಿ, ಒತ್ತಿ ನೋಡಿ, ಮತ್ತೆ ಕಟ್ಟುತ್ತಿದ್ದೆ. ವಾರದಲ್ಲಿ ಸುಮಾರು ಕಾಯಿ ಉದುರಿದವು.

ಯಜಮಾನರು ಒಂದನ್ನು ಎತ್ತಿ ನೋಡಿ, "ನೊಣ ಮುಟ್ಟಿಲ್ಲಪ್ಪ. ಇದೆಲ್ಲ ನಿನ್ನ ಕೈಕೆಲಸ" ಅಂದರು. ಅವತ್ತಿನಿಂದ ನಾನು ಗಿಡ ಮುಟ್ಟಕೂಡದು ಅಂತ ಹೆಂಡತಿಯ ಅಪ್ಪಣೆ.

೪. ಮೆಣಸಿನಕಾಯಿ

ಬಾವಿ ಪಕ್ಕದ ಗಿಡದಲ್ಲಿ ಆರು ಕಾಯಿ ಎಲ್ಲಕ್ಕಿಂತ ಮೊದಲು ಹಣ್ಣಾದವು. ಕೊಯಮತ್ತೂರಿನ ವ್ಯಾಪಾರಿ ಭಾನುವಾರ ಬಂದು ಅವನ್ನೇ ತಿಂದು ನೋಡಿ, ತೋಟದ ಫಸಲು ಬೇಕೋ ಬೇಡವೋ ಹೇಳಬೇಕಿತ್ತು. ಶುಕ್ರವಾರ ಇನ್ನಷ್ಟು ಬಟ್ಟೆ ತರೋಕೆ ತಿರುಪ್ಪೂರಿಗೆ ಹೋದೆ. ಶನಿವಾರ ಬೆಳಿಗ್ಗೆ ಬಸ್ಸಿಳಿದು ನೇರ ತೋಟಕ್ಕೆ ಬಂದರೆ, ಆರು ಬನಿಯನ್ ನೇತಾಡ್ತಿವೆ, ಒಳಗೆ ಹಣ್ಣಿಲ್ಲ!

ಅಯ್ಯೋ, ಕಣ್ಣೆದುರಿಗೆ ಭಾವನ ಮುಖವೇ ಬಂತು. ಆನೈಮಲೈ ಮಾಸಾಣಿ ಅಮ್ಮನ ಗುಡಿಯಲ್ಲಿ, ಕಳವಾದವರು ಅಮ್ಮನಿಗೆ ದೂರು ಹೇಳಿ ಕಲ್ಲಿನ ಮೇಲೆ ಮೆಣಸಿನಕಾಯಿ ಅರೀತಾರೆ. ಕದ್ದವನಿಗೆ ಮೈಯೆಲ್ಲ ಉರಿ ಹತ್ತುತ್ತೆ ಅಂತ ನಂಬಿಕೆ. ಹೆಂಡತಿಗೆ ಫೋನ್ ಮಾಡಿ, "ಹಣ್ಣು ಕಳವಾಯ್ತು, ಗುಡಿಗೆ ಹೋಗ್ತಿದ್ದೀನಿ, ಅರೆದೇ ಬಿಡ್ತೀನಿ!" ಅಂದೆ. ಅವಳು ಏನೋ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಕಟ್ ಮಾಡಿದೆ.

ಎರಡು ಸುತ್ತು ಅರೆದಿರಬೇಕು, ಹೆಂಡತಿ ಏದುಸಿರು ಬಿಡುತ್ತಾ ಓಡಿಬಂದಳು.

"ನಿಲ್ಲಿಸ್ರೀ! ನನ್ನ ಮೈ ಉರಿಸಬೇಕೂಂತ ಇದ್ದೀರಾ?"

"ನೀನಾ ಕದ್ದೋಳು?"

"ಕದಿಯೋದೇನು ಬಂತು! ವ್ಯಾಪಾರಿ ನಿನ್ನೆಯೇ ಬಂದ್ಬಿಟ್ರು. ಒಂದು ಹಣ್ಣು ತಿಂದ್ರು, ಪೂರ್ತಿ ಫಸಲು ತಮಗೇ ಬೇಕು ಅಂದ್ರು. ನೀವು ಮನೆಗೆ ಬಂದ ಮೇಲೆ ಹೇಳೋಣ ಅಂತಿದ್ದೆ. ಉಳಿದ ಐದನ್ನ ಇಲ್ಲಿಗೇ ತಂದು ಅಮ್ಮನಿಗೆ ಒಪ್ಪಿಸಿದೆ. ಹರಕೆ ಹೊತ್ತಿದ್ದೆ."

"ಏನಂತ?"

ಅವಳು ದನಿ ತಗ್ಗಿಸಿದಳು. "ನಮ್ಮಣ್ಣನ ಮಗ್ಗಕ್ಕೆ ಹೋಗೋ ಹಾಗೆ ಆಗದಿರಲಿ ಅಂತ. ಹೆದರಿಕೆ ನಿಮಗೊಬ್ಬರಿಗೇನಾ?"

ನಾನು ಗುಂಡುಕಲ್ಲು ಬಿಟ್ಟು ಎದ್ದೆ. ಹಿಂದೆ ಮೆಣಸಿನಕಾಯಿ ಹಿಡಿದು ತನ್ನ ಸರದಿ ಕಾಯುತ್ತಿದ್ದ ಅಜ್ಜಿಗೆ ತಾಳ್ಮೆ ಕೆಟ್ಟಿತು.

"ಏನಪ್ಪಾ, ನಿಂಗೆ ಕಳ್ಳ ಸಿಕ್ಕಿದನಾ ಇಲ್ವಾ?"

ನಾನು ಹೆಂಡತಿ ಕಡೆ ಕೈ ತೋರಿಸಿದೆ. ಹೆಂಡತಿ ಅಮ್ಮನ ಕಡೆ ಕೈ ತೋರಿಸಿದಳು.